ಏನೂ ನಡೆಯದ ಸಿನಿಮಾ, ಇಳಿಯದ ಗುಂಗು

ನೆರಳುಮರ (ನಾಪೋಕ್ಲು ಕಡೆಯವಳು)

ಕಕ್ಕಡ ತಿಂಗಳ ಮಳೆ ಹಿಡಿದುಕೊಂಡಿದೆ. ಮೂರು ದಿನದಿಂದ ಕರೆಂಟ್ ಬರುವುದು, ಹೋಗುವುದು. ಮೊನ್ನೆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚಾರ್ಜನ್ನು ನಂಬಿಕೊಂಡು ‘ಪರ್ಫೆಕ್ಟ್ ಡೇಸ್’ ನೋಡಿದೆ. 2023ರ ಜಪಾನಿ ಚಿತ್ರ, ನಿರ್ದೇಶಕ ಮಾತ್ರ ಜರ್ಮನಿಯ ವಿಮ್ ವೆಂಡರ್ಸ್. ಟೋಕಿಯೊದಲ್ಲಿ ಸಾರ್ವಜನಿಕ ಶೌಚಾಲಯ ತೊಳೆಯುವ ಹಿರಾಯಾಮಾ ಎಂಬ ವಯಸ್ಸಾದ ಮನುಷ್ಯ ಬೆಳಿಗ್ಗೆ ಏಳುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ಓದುತ್ತ ಮಲಗುತ್ತಾನೆ. ಮರುದಿನ ಮತ್ತೆ ಅದೇ. ನೋಡದವರು ಕಥೆ ಬಿಟ್ಟುಕೊಟ್ಟಳೆಂದು ಜಗಳ ತೆಗೆಯಬೇಡಿ, ಬಿಟ್ಟುಕೊಡಲು ಕಥೆಯೇ ಇಲ್ಲ.

ನನ್ನ ಅತ್ತೆ ಧಾರಾವಾಹಿ ಬಿಟ್ಟು ಬೇರೇನೂ ನೋಡುವವರಲ್ಲ. ಅಂದು ಟಿವಿ ಸತ್ತಿದ್ದರಿಂದ ಪಕ್ಕದಲ್ಲಿ ಬಂದು ಕೂತರು. ಅರ್ಧ ಗಂಟೆಯಲ್ಲಿ ಗೊರಕೆ ಕೇಳುತ್ತದೆ ಎಂದುಕೊಂಡಿದ್ದೆ. ಎಲ್ಲಿ! ಅವನು ಹಾಸಿಗೆ ಮಡಚುವುದನ್ನು, ಮೀಸೆ ಕತ್ತರಿಸಿಕೊಳ್ಳುವುದನ್ನು, ಕುಂಡದ ಪುಟ್ಟ ಸಸಿಗಳಿಗೆ ನೀರು ಚಿಮುಕಿಸುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ನಡುವೆ ಕೇಳಿದ್ದು ಒಂದೇ ಪ್ರಶ್ನೆ. “ಇವನಿಗೆ ಅಡುಗೆ ಮಾಡಿ ಹಾಕುವವರು ಯಾರೂ ಇಲ್ಲವೇ?”

ಅವನು ಮಧ್ಯಾಹ್ನ ಬುತ್ತಿ ತಿನ್ನುವಾಗ ಹಳೆಯ ರೀಲು ಕ್ಯಾಮೆರಾದಲ್ಲಿ ತಲೆಯ ಮೇಲಿನ ಮರದ ಚಿತ್ರ ತೆಗೆಯುತ್ತಾನೆ. ದಿನವೂ. ತೊಳೆಸಿ ತಂದ ಚಿತ್ರಗಳಲ್ಲಿ ಸರಿಯಿಲ್ಲದ್ದನ್ನು ಹರಿದು, ಉಳಿದದ್ದನ್ನು ಡಬ್ಬಿಗೆ ಹಾಕಿ, ತಿಂಗಳು ಬರೆದು, ಬೀರುವಿನಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಾನೆ. ಆ ಡಬ್ಬಿಗಳ ಸಾಲು ತೋರಿಸಿದಾಗ ಅತ್ತೆ ಎದ್ದು ಒಳಗೆ ಹೋದರು. ನಿದ್ದೆ ಬಂತೇನೋ ಎಂದುಕೊಂಡೆ. ಮಾವನವರ ಮಳೆ ಪುಸ್ತಕಗಳನ್ನು ಎತ್ತಿಕೊಂಡು ಬಂದರು.

ತೋಟ ಇರುವವರಿಗೆ ಗೊತ್ತು. ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆ ಗೇಜಿನಿಂದ ನೀರು ಅಳೆದು, ಇಂಚು ಎಷ್ಟು, ಸೆಂಟು (ಇಂಚಿನ ನೂರನೇ ಒಂದು ಪಾಲು) ಎಷ್ಟು ಎಂದು ಬರೆದಿಡುವುದು. ಮಾವ ಮೂವತ್ತೆಂಟು ವರ್ಷ ಬರೆದರು. ಅವರು ಹೋದ ಮೇಲೆ ಅತ್ತೆ ಬರೆಯುತ್ತಿದ್ದಾರೆ. ಯಾರೂ ಕೇಳುವುದಿಲ್ಲ, ಯಾರಿಗೂ ಕೊಡುವುದಿಲ್ಲ.

ಅವತ್ತಿನಿಂದ ಈ ಸಿನಿಮಾ ತಲೆಯಿಂದ ಇಳಿಯುತ್ತಿಲ್ಲ. ಏನೂ ಆಗದ ಚಿತ್ರ ಇಷ್ಟು ಹಿಡಿದುಕೊಳ್ಳುವುದು ಯಾಕೆ? ನಿಮಗೂ ಹೀಗೆ ಆಗಿದೆಯೇ?

ಹಾರಂಗಿ

ನನಗೆ ಆಗಿಲ್ಲ. ಇಪ್ಪತ್ತು ನಿಮಿಷಕ್ಕೆ ನಿದ್ದೆ. ಅಂಗಡಿ ಮುಚ್ಚಿ ಬಂದು ದಣಿದ ಮನುಷ್ಯ ಎರಡು ಗಂಟೆ ಕಕ್ಕಸು ತೊಳೆಯುವುದನ್ನು ಏಕೆ ನೋಡಬೇಕು? ಯಾವ ಹೊತ್ತಿನಲ್ಲಾದರೂ ಒಂದು ಹೆಣ ಸಿಗುತ್ತದೆ, ಇಲ್ಲವೇ ಅವನೇ ಹಳೆಯ ಕೊಲೆಗಾರ ಎಂದು ಗೊತ್ತಾಗುತ್ತದೆ ಎಂದು ಕಾದೆ. ಅದೂ ಇಲ್ಲವಂತೆ.

ಇನ್ನೊಂದು ಮಾತು. ಅವನು ಬೆಳಿಗ್ಗೆ ಮನೆ ಮುಂದಿನ ಯಂತ್ರಕ್ಕೆ ನಾಣ್ಯ ಹಾಕಿ ಡಬ್ಬಿ ಕಾಫಿ ತೆಗೆದುಕೊಳ್ಳುತ್ತಾನೆ. ಡಬ್ಬಿ ಕಾಫಿ ಕುಡಿದು ಆಕಾಶ ನೋಡಿ ನಗುವವನನ್ನು ಕೊಡಗಿನವನಾಗಿ ನಾನು ನಂಬುವುದಿಲ್ಲ.

ನೆರಳುಮರ

ಕಾಫಿಗಿಂತ ಮೊದಲೇ ನಗುತ್ತಾನೆ ಅಣ್ಣ. ಬಾಗಿಲು ತೆರೆದು ತಲೆ ಎತ್ತಿದಾಗ. ಆ ತಪ್ಪನ್ನು ಕಾಫಿಯ ಮೇಲೆ ಹೊರಿಸಬೇಡಿ.

ಮೊದಲ ಟ್ರಿಪ್

ನಾನು ಬಸ್ ಚಾಲಕ. ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ, ಹಿಂದಕ್ಕೆ. ಹತ್ತೊಂಬತ್ತು ವರ್ಷ. ಈ ಚಿತ್ರವನ್ನು ಮಗಳು ಮೊಬೈಲಿನಲ್ಲಿ ತೋರಿಸಿದಳು, ನಾನು ಎರಡು ರಾತ್ರಿಯಲ್ಲಿ ಮುಗಿಸಿದೆ.

ಹಾರಂಗಿಯವರು ಏನೂ ಆಗುವುದಿಲ್ಲ ಎಂದರು. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಒಂದು ಪುಟ್ಟ ಕನ್ನಡಿ ಇಟ್ಟುಕೊಂಡಿದ್ದಾನೆ. ಬೇಸಿನ್ನಿನ ಅಂಚಿನ ಕೆಳಗೆ, ಯಾರೂ ಎಂದೂ ಬಗ್ಗಿ ನೋಡದ ಜಾಗದಲ್ಲಿ ಕನ್ನಡಿ ಹಿಡಿದು ಕೊಳೆ ಇದೆಯೇ ಎಂದು ಪರೀಕ್ಷಿಸುತ್ತಾನೆ. ಜೊತೆಗಾರ ಹುಡುಗ ತಕಾಶಿ ಅದನ್ನು ಕಂಡು ಹೇಗೂ ಮತ್ತೆ ಕೊಳೆಯಾಗುತ್ತದಲ್ಲ ಎನ್ನುತ್ತಾನೆ. ಅವನು ಉತ್ತರ ಕೊಡುವುದಿಲ್ಲ.

ನಾನು ನಸುಕಿನಲ್ಲಿ ಟಾರ್ಚ್ ಹಿಡಿದು ಆರೂ ಚಕ್ರ ತಟ್ಟಿ ನೋಡುತ್ತೇನೆ. ಕ್ಲೀನರ್ ಹುಡುಗನೂ ಇದನ್ನೇ ಹೇಳುತ್ತಾನೆ, “ನಿನ್ನೆ ನೋಡಿದ್ದೀರಲ್ಲ ಅಣ್ಣ.”

ಒಂದೇ ದಾರಿ ಎನ್ನುವುದು ಕೂತವರ ಮಾತು. ಓಡಿಸುವವನಿಗೆ ಅದು ಒಂದೇ ದಾರಿ ಅಲ್ಲ. ಮಂಜು ಇಳಿದ ದಿನ ಬೇರೆ, ಹೂಮಳೆ ಬಿದ್ದು ತೋಟಗಳು ಬೆಳ್ಳಗಾದ ವಾರ ಬೇರೆ. ಆಗ ಕಿಟಕಿಯಿಂದ ಬರುವ ವಾಸನೆಗೆ ಸೀಟಿನಲ್ಲಿ ನಿದ್ದೆ ಹೋದವರೂ ಎದ್ದು ಕೂರುತ್ತಾರೆ. ಹಿಂದೆ ತಿತಿಮತಿ ಕಡೆ ಓಡಿಸುತ್ತಿದ್ದಾಗ ಆನೆ ದಾಟಲೆಂದು ಇಂಜಿನ್ ನಿಲ್ಲಿಸಿ ಇಪ್ಪತ್ತು ನಿಮಿಷ ಕೂತದ್ದೂ ಉಂಟು. ಬಸ್ಸಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಆ ಮೌನವನ್ನು ಸಿನಿಮಾದಲ್ಲಿ ನಾನು ಕಂಡಿದ್ದು ಇದೇ ಮೊದಲು.

ನಿವೃತ್ತ ಮೇಷ್ಟ್ರು (ಸೋಮವಾರಪೇಟೆ)

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಬೇಸರವಾದರೆ ದಾಟಿ ಹೋಗಿ. ಟೋಕಿಯೊದ ಶಿಬುಯಾದಲ್ಲಿ ಒಂದು ಪ್ರತಿಷ್ಠಾನ ಹದಿನೇಳು ಸಾರ್ವಜನಿಕ ಶೌಚಾಲಯಗಳನ್ನು ಕಟ್ಟಿಸಿತು. ತಡಾವೊ ಆಂಡೊ, ಶಿಗೆರು ಬಾನ್ ಅಂಥ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಗಳು ವಿನ್ಯಾಸ ಮಾಡಿದರು. ಚಿತ್ರದಲ್ಲಿ ಗಾಜಿನ ಗೋಡೆಯ ಒಂದು ಶೌಚಾಲಯ ಬರುತ್ತದಲ್ಲ, ಒಳಗಿನಿಂದ ಚಿಲಕ ಹಾಕಿದರೆ ಗಾಜು ಮಸುಕಾಗುವಂಥದ್ದು, ಅದು ಬಾನ್ ಅವರದು. ಇವುಗಳ ಬಗ್ಗೆ ಕಿರುಚಿತ್ರ ಮಾಡಿಕೊಡಿ ಎಂದು ವೆಂಡರ್ಸ್ ಅವರನ್ನು ಕರೆದರೆ, ಅವರು ಕಟ್ಟಡಗಳನ್ನು ಪಕ್ಕಕ್ಕಿಟ್ಟು ಅವುಗಳನ್ನು ತೊಳೆಯುವವನ ಕಥೆ ಮಾಡಿದರು. ಮೂರು ವಾರವೂ ಹಿಡಿಯದ ಚಿತ್ರೀಕರಣ. ಹಿರಾಯಾಮಾ ಆದ ಕೋಜಿ ಯಾಕುಶೊ ಅವರಿಗೆ 2023ರಲ್ಲಿ ಕಾನ್ ಉತ್ಸವದ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಜಪಾನ್ ಈ ಚಿತ್ರವನ್ನೇ ಆಸ್ಕರ್‌ಗೆ ಕಳಿಸಿತು.

ಹಿರಾಯಾಮಾ ಎಂಬ ಹೆಸರೂ ಸುಮ್ಮನೆ ಇಟ್ಟದ್ದಲ್ಲ. ಯಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ (1953) ಚಿತ್ರದ ಕುಟುಂಬದ ಹೆಸರು ಅದು. ವೆಂಡರ್ಸ್ ಓಜು ಅವರ ಪರಮಭಕ್ತರು, 1985ರಲ್ಲಿ ಅವರ ಹೆಜ್ಜೆ ಹುಡುಕಿಕೊಂಡೇ ಟೋಕಿಯೊ ಸುತ್ತಿ ಒಂದು ಸಾಕ್ಷ್ಯಚಿತ್ರ ಮಾಡಿದ್ದರು.

ನೆರಳುಮರ ಅವರ ಪ್ರಶ್ನೆಗೆ ನನ್ನ ಉತ್ತರ ಇದು. ಸಾಮಾನ್ಯ ಚಿತ್ರದಲ್ಲಿ ಘಟನೆ ಮನುಷ್ಯನನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಮನುಷ್ಯ ಮೊದಲು. ಅವನ ಅಭ್ಯಾಸ ನಮಗೆ ಬಾಯಿಪಾಠವಾದ ಮೇಲೆ, ಒಂದು ಸಣ್ಣ ವ್ಯತ್ಯಾಸವೂ ಘಟನೆಯಾಗುತ್ತದೆ. ಅವನು ಮನೆಗೆ ಬಂದಾಗ ಮೆಟ್ಟಿಲ ಮೇಲೆ ತಂಗಿಯ ಮಗಳು ಕೂತಿರುತ್ತಾಳೆ, ಅಷ್ಟೆ. ಬೇರೆ ಚಿತ್ರದಲ್ಲಿ ಅದು ಏನೂ ಅಲ್ಲ. ಇಲ್ಲಿ ನನ್ನ ಎದೆ ಧಸಕ್ಕೆಂದಿತು.

ನಮ್ಮಲ್ಲೂ ಇದು ಇಲ್ಲದ್ದೇನಲ್ಲ. ‘ತಿಥಿ’ ನೆನಪಿದೆಯೇ? ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಎಂದೂ ನಟಿಸದ ಹಳ್ಳಿಯವರನ್ನೇ ಇಟ್ಟುಕೊಂಡು ಮಾಡಿದ ಚಿತ್ರ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆಯಿತು. ಶತಾಯುಷಿ ಅಪ್ಪ ಸತ್ತರೂ ಗಡ್ಡಪ್ಪ ತನ್ನ ಪಾಡಿಗೆ ತಾನು ಹೊಲದ ಬದುವಿನ ಮೇಲೆ ನಡೆಯುತ್ತಲೇ ಇರುತ್ತಾನೆ. ಕಥೆ ಮರೆತೆ, ಆ ನಡಿಗೆ ಮರೆತಿಲ್ಲ.

ಹಾರಂಗಿ

‘ತಿಥಿ’ಯಲ್ಲಿ ನಗು ಇತ್ತು ಮೇಷ್ಟ್ರೇ. ಜಮೀನಿನ ಜಗಳ ಇತ್ತು, ಸುಳ್ಳು ದಾಖಲೆ ಇತ್ತು, ಊರೂಟ ಇತ್ತು. ಹೋಲಿಕೆ ಸರಿಯಿಲ್ಲ.

ಅಮ್ಮತ್ತಿಯವಳು

ಎಲ್ಲರೂ ಹೊಗಳುತ್ತಿರುವಾಗ ಅಡ್ಡ ಬರುತ್ತಿದ್ದೇನೆ, ಬೇಸರಿಸಬೇಡಿ.

ನಾನು ತೋಟದ ಕೆಲಸದವರ ಲೈನ್ ಮನೆಯಲ್ಲಿ ಬೆಳೆದವಳು. ಅಮ್ಮ ಮೊದಲು ತೋಟದ ಕೆಲಸಕ್ಕೆ ಹೋಗುತ್ತಿದ್ದಳು, ಈಗ ಒಂದು ಹೋಂಸ್ಟೇಯಲ್ಲಿ ಕೋಣೆ ಮತ್ತು ಬಚ್ಚಲು ತೊಳೆಯುತ್ತಾಳೆ. ಶನಿವಾರ ಭಾನುವಾರ ಹನ್ನೊಂದು ಕೋಣೆ. ಊರಿನಿಂದ ಬಂದವರು ಬರೆದು ಹೋಗುವ ಪುಸ್ತಕ ಒಂದು ಅಲ್ಲಿದೆ. ಮಂಜು ಚೆನ್ನಾಗಿತ್ತು, ಪಂದಿಕರಿ ಚೆನ್ನಾಗಿತ್ತು, ಶಾಂತಿ ಸಿಕ್ಕಿತು. ಬಚ್ಚಲು ಚೊಕ್ಕಟವಾಗಿತ್ತು ಎಂದು ಬರೆದವರನ್ನು ನಾನು ಕಂಡಿಲ್ಲ.

ಈ ಹಿರಾಯಾಮಾ ನಗುತ್ತಾನೆ, ಮರ ನೋಡುತ್ತಾನೆ, ಪುಸ್ತಕ ಓದುತ್ತಾನೆ. ಒಳ್ಳೆಯದು. ಆದರೆ ತಂಗಿ ಚಾಲಕನಿರುವ ದೊಡ್ಡ ಕಾರಿನಲ್ಲಿ ಬಂದು, ನಿಜವಾಗಿಯೂ ಶೌಚಾಲಯ ತೊಳೆಯುತ್ತಿದ್ದೀಯಾ ಎಂದು ಕೇಳುತ್ತಾಳಲ್ಲ, ಅಲ್ಲಿಗೆ ನನಗೆ ಗೊತ್ತಾಯಿತು. ಅವನು ದೊಡ್ಡ ಮನೆಯನ್ನು ಬಿಟ್ಟು ಬಂದವನು. ಆರಿಸಿಕೊಂಡವನು. ನಮ್ಮ ದೇಶದಲ್ಲಿ ಈ ಕೆಲಸವನ್ನು ಯಾರೂ ಆರಿಸಿಕೊಳ್ಳಲಿಲ್ಲ, ಜಾತಿ ಆರಿಸಿತು. ಕೈಯಿಂದ ಮಲ ಬಾಚುವುದನ್ನು 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಮಾಡಿ ನಿಷೇಧಿಸಬೇಕಾಯಿತು. ಹಾಗಿರುವಾಗ ಶೌಚಾಲಯ ತೊಳೆದು ನೆಮ್ಮದಿಯಾಗಿರುವವನನ್ನು ತೋರಿಸಿದರೆ ಯಾರಿಗೆ ಹಿತ? ತೊಳೆಸಿಕೊಳ್ಳುವವರಿಗೆ.

ನಿವೃತ್ತ ಮೇಷ್ಟ್ರು

ತಂಗೀ, ನಿನ್ನ ಮಾತನ್ನು ಎರಡು ಸಲ ಓದಿದೆ. ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 70ರ ದಶಕದಲ್ಲೇ ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಹೊರಟಾಗ ಅವರನ್ನು ಆಡಿಕೊಂಡವರು ಕಡಿಮೆಯಿರಲಿಲ್ಲ. ಅದನ್ನು ಕಣ್ಣಾರೆ ಕಂಡ ತಲೆಮಾರಿನವನಾಗಿಯೂ ಸಿನಿಮಾ ನೋಡುವಾಗ ನನಗೆ ಅದು ಹೊಳೆಯಲಿಲ್ಲ. ನಾನು ಓಜು ಬಗ್ಗೆ ಯೋಚಿಸುತ್ತ ಕೂತಿದ್ದೆ.

‘ತಬರನ ಕಥೆ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು ಅನಿಸುತ್ತಿದೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಹೈರಾಣಾಗುವ ತಬರನೂ ಕೆಳಗಿನ ಮೆಟ್ಟಿಲಿನ ನೌಕರನೇ. ಅದೂ ಒಬ್ಬನೇ ಮನುಷ್ಯನ ಬೆನ್ನು ಹಿಡಿದು ಹೋಗುವ ಚಿತ್ರ. ಆದರೆ ಗಿರೀಶ ಕಾಸರವಳ್ಳಿಯವರು ನಮ್ಮನ್ನು ನೆಮ್ಮದಿಯಾಗಿ ಎದ್ದು ಹೋಗಲು ಬಿಡುವುದಿಲ್ಲ.

ಮೊದಲ ಟ್ರಿಪ್

ತಂಗಿ ಹೇಳಿದ್ದು ಸರಿ. ಒಂದನ್ನು ಮಾತ್ರ ಸೇರಿಸುತ್ತೇನೆ. ತಕಾಶಿ ಏಕಾಏಕಿ ಕೆಲಸ ಬಿಡುತ್ತಾನಲ್ಲ, ಅಂದು ಇಬ್ಬರ ಕೆಲಸವೂ ಇವನ ತಲೆಗೆ ಬೀಳುತ್ತದೆ. ರಾತ್ರಿಯವರೆಗೆ ತೊಳೆಯುತ್ತಾನೆ. ಆಮೇಲೆ ಕಚೇರಿಗೆ ಫೋನ್ ಮಾಡಿ ದಿನಾ ಹೀಗೆ ಆಗುವುದಿಲ್ಲ, ಬೇರೆ ಜನ ಕಳಿಸಿ ಎಂದು ಗದರುತ್ತಾನೆ. ಇಡೀ ಚಿತ್ರದಲ್ಲಿ ಅವನಿಗೆ ಸಿಟ್ಟು ಬಂದದ್ದು ಆಗಲೇ. ಅಂದು ಮಲಗುವಾಗ ಪುಸ್ತಕವೂ ಇಲ್ಲ.

ಡಬಲ್ ಡ್ಯೂಟಿ ಮಾಡಿದವರಿಗೆ ಆ ದೃಶ್ಯ ಅರ್ಥವಾಗುತ್ತದೆ. ನೆಮ್ಮದಿ ಅವನ ಗುಣವೇನೋ ಹೌದು, ಆದರೆ ಸಂಜೆ ನಾಲ್ಕಕ್ಕೆ ಕೆಲಸ ಮುಗಿಯಬೇಕು, ಸ್ನಾನಕ್ಕೆ ಹೋಗಲು ಹೊತ್ತು ಸಿಗಬೇಕು, ಆಗ ಮಾತ್ರ.

ಅಮ್ಮತ್ತಿಯವಳು

ಅದನ್ನು ನಾನು ಗಮನಿಸಿರಲಿಲ್ಲ ಅಣ್ಣ. ಫೋನ್ ದೃಶ್ಯ ನೆನಪಿದೆ, ಪುಸ್ತಕ ನೆನಪಿರಲಿಲ್ಲ.

ನೆರಳುಮರ

ನಿಮ್ಮಿಬ್ಬರ ಮಾತು ಓದಿದ ಮೇಲೆ ನನ್ನ ಮೊದಲ ಬರಹ ತೋಟದ ಯಜಮಾನಿತಿ ಬರೆದಂತೆಯೇ ಕಾಣುತ್ತಿದೆ. ಇರಲಿ, ಅಳಿಸುವುದಿಲ್ಲ.

ಮಳೆ ಪುಸ್ತಕದ ಮಾತು ಎತ್ತಿದ್ದಕ್ಕೆ ಒಂದು ಕಾರಣವಿತ್ತು. ಕೊಡಗು ಸಿನಿಮಾದಲ್ಲಿ ಯಾವಾಗಲೂ ಹಿನ್ನೆಲೆ. ಒಂದೋ ‘ಮುತ್ತಿನ ಹಾರ’ದ ಹಾಗೆ ಸಿಪಾಯಿ ಬೇಕು, ಇಲ್ಲವೇ ‘ಮುಂಗಾರು ಮಳೆ’ಯ ಹಾಗೆ ಮಳೆ ಬೇಕು. ಎರಡೂ ನನಗೆ ಪ್ರಿಯವಾದ ಚಿತ್ರಗಳೇ. ಆದರೆ ಆ ಮಳೆಯನ್ನು ಬೆಳಿಗ್ಗೆ ಎಂಟಕ್ಕೆ ಅಳೆದು ಬರೆಯುವವನನ್ನು ತೆರೆಯ ಮೇಲೆ ಯಾರೂ ತಂದಿಲ್ಲ. ತೋಟದ ರೈಟರು, ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ಹಿಡಿದು ಮಂಜಿನಲ್ಲಿ ಹೆಸರು ಕೂಗುವವನು, ಅವನ ಬಗ್ಗೆ ಎರಡು ಗಂಟೆಯ ಚಿತ್ರ ಬಂದರೆ ನಾನು ಮೈಸೂರಿನವರೆಗೆ ಹೋಗಿಯಾದರೂ ನೋಡುತ್ತೇನೆ.

ಅಮ್ಮತ್ತಿಯವಳು

ರೈಟರ ಬಗ್ಗೆ ಬೇಡ ಅಕ್ಕ. ಹೆಸರು ಕೂಗಿಸಿಕೊಳ್ಳುವವಳ ಬಗ್ಗೆ ಮಾಡಲಿ.

ರೋಬಸ್ಟಾ (ಸುಂಟಿಕೊಪ್ಪ)

ವಿಷಯ ಸ್ವಲ್ಪ ಬದಲಿಸುತ್ತೇನೆ. ಚಿತ್ರದ ಕೊನೆಯಲ್ಲಿ, ಹೆಸರುಗಳೆಲ್ಲ ಹೋದ ಮೇಲೆ ‘ಕೊಮೊರೆಬಿ’ ಎಂಬ ಜಪಾನಿ ಪದದ ಅರ್ಥ ಬರುತ್ತದೆ. ಬೇಗ ಎದ್ದವರು ಕಳೆದುಕೊಂಡಿರುತ್ತೀರಿ. ಗಾಳಿಗೆ ಎಲೆ ಅಲುಗಿದಾಗ ನೆಲದ ಮೇಲೂ ಗೋಡೆಯ ಮೇಲೂ ಆಡುವ ಬೆಳಕು ನೆರಳು, ಅದು ಆ ಕ್ಷಣಕ್ಕೆ ಮಾತ್ರ ಇರುವಂಥದ್ದು. ಅವನ ಫೋಟೊಗಳೆಲ್ಲ ಅದರದ್ದೇ. ಅವನ ಕನಸುಗಳೂ ಅದೇ, ಕಪ್ಪು ಬಿಳುಪಿನಲ್ಲಿ.

ಕನ್ನಡದಲ್ಲಿ ಇದಕ್ಕೆ ಏನೆನ್ನುತ್ತೀರಿ?

ನಿವೃತ್ತ ಮೇಷ್ಟ್ರು

ಬಿಸಿಲುಕೋಲು.

ರೋಬಸ್ಟಾ

ಅಲ್ಲ ಮೇಷ್ಟ್ರೇ. ಬಿಸಿಲುಕೋಲು ಹಂಚಿನ ಸಂದಿಯಿಂದ ಅಡುಗೆಮನೆಗೆ ಇಳಿಯುವುದು, ಹೊಗೆಯಲ್ಲಿ ಕೋಲಿನ ಹಾಗೆ ನಿಲ್ಲುವುದು. ಇದು ನಿಲ್ಲುವುದಿಲ್ಲ, ಆಡುತ್ತದೆ.

ತೋಟದವರಿಗೆ ಈ ಬೆಳಕು ಸೌಂದರ್ಯಕ್ಕಿಂತ ಮೊದಲು ಲೆಕ್ಕ. ಮುಂಗಾರಿಗೆ ಮುಂಚೆ ಮರಗಸಿ ಮಾಡಿಸುವಾಗ ಅಪ್ಪ ಮರವನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ಮೇಲೆ ಕೊಂಬೆ ಕಡಿಯುವವನಿಗೆ ಕೆಳಗಿನಿಂದ “ಸಾಕು” ಎಂದು ಕೂಗುವುದು ನೆಲದ ಬೆಳಕು ನೋಡಿ. ಬಿಸಿಲು ಹೆಚ್ಚಾದರೆ ಅರೇಬಿಕಾ ಗಿಡಕ್ಕೆ ಕಾಂಡಕೊರಕ. ನೆರಳು ದಟ್ಟವಾದರೆ ಮಳೆಗಾಲದಲ್ಲಿ ಕೊಳೆರೋಗ. ನಡುವೆ ಒಂದು ಹದ ಇದೆ, ಅದನ್ನು ಯಾವ ಪುಸ್ತಕದಲ್ಲೂ ಬರೆದು ತೋರಿಸಲು ಆಗುವುದಿಲ್ಲ. ನೆಲದ ಮೇಲೆ ಬಿಸಿಲಿನ ತುಣುಕುಗಳು ಇಷ್ಟು ದೂರ ದೂರ ಬಿದ್ದಿರಬೇಕು ಎಂದು ಕಣ್ಣಿಗೇ ಗೊತ್ತಾಗಬೇಕು. ನನಗೆ ಹದಿನೈದು ವರ್ಷ ಬೇಕಾಯಿತು. ಇಷ್ಟಾದರೂ ಆ ಬೆಳಕಿಗೆ ನಮ್ಮ ಮನೆಯಲ್ಲಿ ಹೆಸರಿಲ್ಲ.

ಮೈಸೂರಿನಲ್ಲಿರುವ ವಿರಾಜಪೇಟೆಯವನು

ಎಲೆಬಿಸಿಲು?

ಹಾರಂಗಿ

ಹೋಂಸ್ಟೇಗೆ ಹೆಸರಿಡಲು ಚೆನ್ನಾಗಿದೆ. ಇನ್ನೊಂದು ತಿಂಗಳಲ್ಲಿ ಬೋರ್ಡ್ ಕಾಣಿಸಿಕೊಳ್ಳುತ್ತದೆ ನೋಡಿ.

ನೆರಳುಮರ

ಅತ್ತೆಯನ್ನು ಕೇಳಿದೆ. “ಜರಡಿ ಬಿಸಿಲು” ಎಂದರು. ಅವರ ಅಮ್ಮ ಕಾಫಿ ಸಸಿಮಡಿಗೆ ಹಾಕಿದ ಚಪ್ಪರದ ಕೆಳಗೆ ಬೀಳುವ ಬಿಸಿಲಿಗೆ ಹಾಗೆನ್ನುತ್ತಿದ್ದರಂತೆ. ಊರಿನ ಮಾತೋ, ಆ ಒಬ್ಬ ಹೆಂಗಸಿನ ಮಾತೋ ಗೊತ್ತಿಲ್ಲ.

ರೋಬಸ್ಟಾ

ಜರಡಿ ಬಿಸಿಲು. ಆಯಿತು, ನನಗೆ ಇದೇ ಸಾಕು. ಈ ವರ್ಷ ಮರಗಸಿ ಮಾಡುವ ಹುಡುಗರಿಗೆ ಹೇಳಿ ನೋಡುತ್ತೇನೆ. ನಗುತ್ತಾರೆ, ನಗಲಿ.

ಮೈಸೂರಿನಲ್ಲಿರುವ ವಿರಾಜಪೇಟೆಯವನು

ನನಗೆ ಹಿಡಿಸಿದ್ದು ಸೊನ್ನೆ-ಗುಣಾಕಾರದ ಆಟ. ಶೌಚಾಲಯದ ಸಂದಿಯಲ್ಲಿ ಯಾರೋ ಮಡಚಿಟ್ಟ ಕಾಗದ ಸಿಗುತ್ತದೆ, ಮೂರು ಮೂರರ ಮನೆ, ಒಂದು ಗುರುತು ಹಾಕಿದೆ. ಮೊದಲು ಕಸಕ್ಕೆ ಹಾಕಲು ಹೊರಟವನು ತಾನೂ ಒಂದು ಗುರುತು ಹಾಕಿ ಅಲ್ಲೇ ಇಡುತ್ತಾನೆ. ದಿನಕ್ಕೊಂದು ನಡೆ. ಇನ್ನೊಬ್ಬರು ಯಾರೆಂದು ಕೊನೆಗೂ ತೋರಿಸುವುದಿಲ್ಲ, ಧನ್ಯವಾದ ಎಂದು ಬರೆದ ಕಾಗದ ಸಿಗುತ್ತದೆ, ಮುಗಿಯಿತು. ಬೇರೆ ಯಾವ ನಿರ್ದೇಶಕನಾದರೂ ಅವರಿಬ್ಬರನ್ನು ಭೇಟಿ ಮಾಡಿಸಿ ವಯೊಲಿನ್ ನುಡಿಸಿಬಿಡುತ್ತಿದ್ದ.

ಇಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುತ್ತೇನೆ. ನೋಡಿದ ಮರುದಿನ ಕೋಣೆ ಗುಡಿಸಿದೆ. ಇದನ್ನು ವಿಮರ್ಶೆ ಎಂದು ಪರಿಗಣಿಸಬಹುದೇ ಗೊತ್ತಿಲ್ಲ.

ಹಾರಂಗಿ

ನಿನ್ನೆ ಭಾನುವಾರ, ಮಳೆ, ಅಂಗಡಿಗೆ ನೊಣವೂ ಬರಲಿಲ್ಲ. ಇಷ್ಟೆಲ್ಲ ಬರೆದಿದ್ದೀರಲ್ಲ ಎಂದು ಮತ್ತೆ ಹಾಕಿದೆ. ಪೂರ್ತಿ ನೋಡಿದೆ.

ಈಗಲೂ ಉದ್ದವಾಯಿತು ಎಂದೇ ಹೇಳುತ್ತೇನೆ. ಅರ್ಧ ಗಂಟೆ ಕತ್ತರಿಸಬಹುದಿತ್ತು. ವ್ಯಾನಿನಲ್ಲಿ ಹಳೆಯ ಹಾಡು ಕೇಳುವ ಅವನ ಕ್ಯಾಸೆಟ್ ಹುಚ್ಚೂ ಸ್ವಲ್ಪ ಅತಿಯಾಯಿತು. ಆದರೆ ತಕಾಶಿಗೆ ಕೈಯಲ್ಲಿದ್ದ ದುಡ್ಡೆಲ್ಲ ಕೊಟ್ಟು, ಆಮೇಲೆ ಪೆಟ್ರೋಲ್ ಖಾಲಿಯಾಗಿ ಒಂದು ಕ್ಯಾಸೆಟ್ ಮಾರಬೇಕಾಗಿ ಬರುತ್ತದಲ್ಲ, ಅಲ್ಲಿ ನಕ್ಕೆ. ಅಂಗಡಿಯವನಾಗಿ ಹೇಳುತ್ತೇನೆ, ಸಾಲ ಕೇಳುವವರ ಮುಖವನ್ನು ಆ ಹುಡುಗ ಚೆನ್ನಾಗಿ ಮಾಡಿದ್ದಾನೆ.

ಕೊನೆಗೆ ಅವನು ವ್ಯಾನ್ ಓಡಿಸುತ್ತ, ಹಾಡು ಕೇಳುತ್ತ, ಮುಖದ ಮೇಲೆ ಎಳೆಬಿಸಿಲು ಬೀಳುತ್ತ, ನಗುತ್ತಾನೋ ಅಳುತ್ತಾನೋ ತಿಳಿಯದ ಹಾಗೆ ಆಗುತ್ತಾನೆ. ನಿಮಿಷಗಟ್ಟಲೆ ಒಂದೇ ಮುಖ. ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಹೆಂಡತಿ ಬಂದು ದೀಪ ಹಾಕಲೇ ಎಂದು ಕೇಳಿದಳು, ಬೇಡ ಎಂದೆ.

ಡಬ್ಬಿ ಕಾಫಿಯ ವಿಷಯದಲ್ಲಿ ರಾಜಿಯಿಲ್ಲ.

ನೆರಳುಮರ

ಮಳೆ ಬಿಟ್ಟ ಮೇಲೆ ಯಾರದಾದರೂ ಕಣದಲ್ಲಿ ಬಿಳಿ ಪಂಚೆ ಕಟ್ಟಿ ಎಲ್ಲರೂ ಸೇರಿ ನೋಡಬಹುದೇ? ನಮ್ಮ ಕಣ ಇದೆ. ಕಾಫಿ ಕೊಯ್ಲಿಗೆ ಮುಂಚೆ ಖಾಲಿಯೇ ಇರುತ್ತದೆ.

ಮೊದಲ ಟ್ರಿಪ್

ರಾತ್ರಿ ಎಂಟರ ಒಳಗೆ ಮುಗಿಯುವುದಾದರೆ ಬರುತ್ತೇನೆ. ಬೆಳಿಗ್ಗೆ ಡ್ಯೂಟಿ.

ಅಮ್ಮತ್ತಿಯವಳು

ನಾನು ಆಗಲೇ ಅಮ್ಮನಿಗೆ ತೋರಿಸಿದೆ. ಜಗಳ ಗೆಲ್ಲಬೇಕೆಂದೇ ತೋರಿಸಿದ್ದು, ಸುಳ್ಳು ಹೇಳುವುದಿಲ್ಲ.

ಅವಳಿಗೆ ಜಪಾನಿ ಗೊತ್ತಿಲ್ಲ, ಕೆಳಗೆ ಬರುವ ಇಂಗ್ಲಿಷ್ ಅಕ್ಷರವೂ ಗೊತ್ತಿಲ್ಲ. ಇದರಲ್ಲಿ ಮಾತೇ ಇಲ್ಲದ್ದರಿಂದ ಏನೂ ತೊಂದರೆಯಾಗಲಿಲ್ಲ. ನಾನು ಅನುವಾದಿಸಲು ಹೋದರೆ ಸುಮ್ಮನಿರು ಎಂದಳು.

ಆರಂಭದಲ್ಲೇ ಒಂದು ಘಟನೆ ಬರುತ್ತದೆ. ಕಳೆದುಹೋದ ಪುಟ್ಟ ಹುಡುಗ ಶೌಚಾಲಯದೊಳಗೆ ಅಳುತ್ತ ಕೂತಿರುತ್ತಾನೆ, ಹಿರಾಯಾಮಾ ಕೈ ಹಿಡಿದು ಹೊರಗೆ ಕರೆದುಕೊಂಡು ಬರುತ್ತಾನೆ. ತಾಯಿ ಓಡಿ ಬಂದು, ಇವನ ಮುಖವನ್ನೂ ನೋಡದೆ, ಮಗು ಇವನ ಕೈ ಹಿಡಿದಿದ್ದ ಕೈಯನ್ನು ಒದ್ದೆ ಕಾಗದದಿಂದ ಒರೆಸುತ್ತಾಳೆ. ನಾನು ಬರೆಯುವಾಗ ಇದನ್ನು ಮರೆತೇ ಹೋಗಿದ್ದೆ. ಅಮ್ಮ ಮಾತ್ರ “ಅಲ್ಲಿಯೂ ಒರೆಸುತ್ತಾರೆ” ಎಂದಳು. ಮಗು ಹೋಗುತ್ತ ತಿರುಗಿ ಕೈ ಬೀಸಿತು. ಅಮ್ಮನೂ ಸ್ವಲ್ಪ ಕೈ ಎತ್ತಿದಳು, ಮೊಬೈಲಿಗೆ.

ಮುಗಿದ ಮೇಲೆ ಹೇಗಿತ್ತು ಎಂದು ಕೇಳಿದೆ. ಅವಳಿಗೆ ಮರ, ಬೆಳಕು, ಕ್ಯಾಸೆಟ್ ಯಾವುದೂ ಬೇಕಿರಲಿಲ್ಲ. ಅವನ ವ್ಯಾನಿನಲ್ಲಿ ಬ್ರಷ್ಷುಗಳನ್ನು ಜೋಡಿಸಿಟ್ಟ ರೀತಿಯ ಬಗ್ಗೆ ಬಹಳ ಹೊತ್ತು ಮಾತನಾಡಿದಳು. ಆಮೇಲೆ ಆ ಕನ್ನಡಿ. “ನಾನು ಅಂಚಿನ ಕೆಳಗೆ ಕೈಯಾಡಿಸಿ ನೋಡುತ್ತೇನೆ. ಕನ್ನಡಿ ಒಳ್ಳೆಯ ಉಪಾಯ. ಇಷ್ಟು ವರ್ಷ ಹೊಳೆಯಲೇ ಇಲ್ಲ.”

ಈ ವಾರ ಸಂತೆಯಲ್ಲಿ ಹಿಡಿ ಇರುವ ಒಂದು ಪುಟ್ಟ ಕನ್ನಡಿ ತಂದಿದ್ದಾಳೆ.

ಹಾರಂಗಿ

ಎಷ್ಟು ಕೊಟ್ಟರಂತೆ?

ಅಮ್ಮತ್ತಿಯವಳು

ನಲವತ್ತು ರೂಪಾಯಿ. ಚೌಕಾಸಿ ಮಾಡಿ ಮೂವತ್ತೈದು.